ಎತ್ತನ್ನು ಕಂಡು ಓಡಿದ ಚಿಗರಿಗಳು

ನಡುವಿನ ಕುರ್ಚಿಯಲ್ಲಿ ಕುಳಿತಿರುವ ಮಾನ್ಯ ಅಧ್ಯಕ್ಷರೇ, ಇನ್ನು ಸ್ವಲ್ಪ ಹೊತ್ತಿನಲ್ಲಿ ಗುಂಡಿ ಒತ್ತಿ ನಮ್ಮ ಆಟವನ್ನು ಬಿಡುಗಡೆ ಮಾಡಲಿರುವ ಮುಖ್ಯ ಅತಿಥಿ, ನಿವೃತ್ತ ಮುಖ್ಯೋಪಾಧ್ಯಾಯಿನಿ ಭಾಗೀರಥಿಬಾಯಿಯವರೇ, ಮೂರು ವರ್ಷ ಪಾಠ ಹೇಳಿಯೂ ಒಮ್ಮೆಯೂ ನನ್ನ ದನಿ ಕೇಳದ ಗುರುಗಳೇ, ಹಾನಗಲ್ಲಿನಿಂದ, ಹಿರೇಕೆರೂರಿನಿಂದ ಬಸ್ಸು ಹಿಡಿದು ಶಿಗ್ಗಾಂವಿಗೆ ಬಂದಿರುವ ಆಟಗಾರ ಗೆಳೆಯರೇ, ಮತ್ತು ಊಟ ಎಷ್ಟೊತ್ತಿಗೆ ಎಂದು ಯೋಚಿಸುತ್ತಿರುವ ಸಭಿಕರೇ,

ನನ್ನ ಹೆಸರು ತಹಮೀನಾ. ಸವಣೂರಿನವಳು. ಇದೇ ಕಾಲೇಜಿನಲ್ಲಿ ಕನ್ನಡ ಓದಿದವಳು. ವಾರ್ಷಿಕೋತ್ಸವದಲ್ಲಿ ನಾನು ಯಾವಾಗಲೂ ಪರದೆಯ ಹಿಂದೆ ನಿಂತು ಹಾರ ಕೊಡುವವಳು. ಇವತ್ತು ಪರದೆಯ ಈಚೆ ಬಂದಿದ್ದೇನೆ. ಅದಕ್ಕೊಂದು ಕಾರಣವಿದೆ.

ಆ ಮೇಜಿನ ಮೇಲಿರುವ ಕಂಪ್ಯೂಟರಿನಲ್ಲಿ ನಮ್ಮ ಬೇಟೆಯ ಆಟದ ಎರಡು ರೂಪಗಳಿವೆ. ಒಂದು ಹಳೆಯದು, ಒಂದು ಹೊಸದು. ನನಗೆ ಹೊಸದು ಬೇಕು. ಆಟಕ್ಕೆ ಪ್ರೋಗ್ರಾಂ ಬರೆದ ಸುಶೀಂದ್ರನಿಗೆ ಹಳೆಯದು ಬೇಕು. ವಾರವಿಡೀ ಜಗಳವಾಡಿದೆವು. ಕೊನೆಗೆ ಇವತ್ತು ಮುಂಜಾನೆ ಅವನು ಹೇಳಿದ: "ಸ್ಟೇಜ್ ಮ್ಯಾಲೆ ನಿಂತು ಯಾಕ ಬೇಕು ಅಂತ ಕೊನೀ ತನಕಾ ನೀನ ಹೇಳು. ಹೇಳಿದ್ಯಂದ್ರ ಹೊಸಾದು. ನಡುವ ಓಡಿಹೋದ್ಯೋ, ಹಳೇದು." ನಾನು ಓಡಿಹೋಗುತ್ತೇನೆ ಎಂದು ಅವನಿಗೆ ಖಾತ್ರಿಯಿತ್ತು. ನೋಡಿ, ಈಗಲೂ ನಗುತ್ತಿದ್ದಾನೆ.

ಸಭಿಕರೇ, ಒಂದು ಪ್ರಾಣಿ ಯಾವಾಗ ಓಡುತ್ತದೆ? ನಮ್ಮ ಆಟದ ಜೀವವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ!

ಆಟದಲ್ಲಿರುವುದು ಕೃಷ್ಣಮೃಗ, ನಮ್ಮ ಮಾತಿನಲ್ಲಿ ಚಿಗರಿ. ಪ್ರತಿ ಚಿಗರಿಯ ತಲೆಯ ಮೇಲೆ ಒಂದು ಪುಟ್ಟ ಕಣ್ಣಿನ ಗುರುತು ತೇಲುತ್ತಿರುತ್ತದೆ. ಕಣ್ಣು ಬಿಳಿಯಾಗಿದ್ದರೆ ಅದು ನಿಶ್ಚಿಂತೆಯಿಂದ ಮೇಯುತ್ತಿದೆ. ಹಳದಿಯಾದರೆ ಅನುಮಾನ ಬಂದಿದೆ. ಕೆಂಪಾದರೆ ನಿಮ್ಮನ್ನು ಕಂಡಿದೆ, ಓಡಿತು. ಒಂದು ಓಡಿದರೆ ಇಡೀ ಹಿಂಡು ಓಡಿತು. ನನ್ನ ಮಟ್ಟಿಗೆ ಈಗ ಈ ಸಭಾಂಗಣದಲ್ಲಿ ಮುನ್ನೂರು ತಲೆಗಳ ಮೇಲೆ ಮುನ್ನೂರು ಕೆಂಪು ಕಣ್ಣುಗಳು ತೇಲುತ್ತಿವೆ. ಆದರೆ ಓಡಬೇಕೆನ್ನಿಸುತ್ತಿರುವುದು ನಿಮಗಲ್ಲ, ನನಗೆ.

ಸುಶೀಂದ್ರ ಮೊದಲು ಮಾಡಿದ್ದು ಬಹಳ ಸರಳ. ಚಿಗರಿಯ ಸುತ್ತ ನಲವತ್ತು ಹೆಜ್ಜೆಯ ಒಂದು ವೃತ್ತ. ಒಳಗೆ ಕಾಲಿಟ್ಟರೆ ಓಟ. ಅದನ್ನು ಆಡಿ ನೋಡಿದವನು ನಮ್ಮ ಚಿಕ್ಕಪ್ಪನ ಮಗ, ಚಿತ್ರ ಬಿಡಿಸಿದ ಮುಜಾಫರ. ಗೋಡೆಯ ಹಿಂದೆ ಅಡಗಿದ, ಓಡಿದವು. ಬಾವಿಯೊಳಗೆ ಇಳಿದ, ಆಗಲೂ ಓಡಿದವು. "ಇವೇನು ಚಿಗರಿ ಅದಾವೋ, ಸಿಸಿ ಕ್ಯಾಮೆರಾ ಅದಾವೋ?" ಎಂದು ಮೌಸ್ ಎಸೆದ.

ಆಗ ನನಗೆ ನೆನಪಾದವರು ನಮ್ಮ ಅಜ್ಜ, ಪೀರಸಾಬ. ಎಂಬತ್ತರ ಮೇಲಾಯಿತು. ಐದನೇ ಸಾಲಿನಲ್ಲಿ, ಬಾಗಿಲಿನ ಹತ್ತಿರದ ಕುರ್ಚಿಯಲ್ಲಿ ಕುಳಿತಿದ್ದಾರೆ. ದಯವಿಟ್ಟು ಯಾರೂ ತಿರುಗಿ ನೋಡಬೇಡಿ. ನಮ್ಮ ಮನೆತನದಲ್ಲಿ ಎಲ್ಲರೂ ಬಾಗಿಲಿನ ಹತ್ತಿರವೇ ಕೂರುವವರು.

ನಾನು ನೋಟುಪುಸ್ತಕ ಹಿಡಿದು ಅವರ ಮುಂದೆ ಕುಳಿತೆ. ಎಂಥ ಪಾಠ ಅದು! ಚಿಗರಿಯ ಮೊದಲ ಕಾವಲುಗಾರ ಕಣ್ಣು, ಆಮೇಲೆ ಕಿವಿ, ಮೂಗು. ಅಜ್ಜ ಹಿಡಿ ಜೋಳದ ಹೊಟ್ಟು ತೆಗೆದು ಅಂಗಳದಲ್ಲಿ ಬಿಟ್ಟು ಗಾಳಿ ಎತ್ತ ಹೋಗುತ್ತದೆಂದು ತೋರಿಸಿದರು. ಆಟದಲ್ಲೂ ಹೊಟ್ಟು ತೂರುವ ಗುಂಡಿ ಬಂತು. ಮುಜಾಫರ ಜಾಣ, "ಅಜ್ಜಾ, ಅತ್ತರ ಹಚ್ಚಗೊಂಡು ಹೋದ್ರ ಮನಷ್ಯಾನ ವಾಸನಿ ಮುಚ್ಚತೈತೇನ್ರಿ?" ಎಂದ. ಅಜ್ಜ ಹೇಳಿದರು: "ಮುಚ್ಚೂದಿಲ್ಲಪಾ. ಮದವಿ ದಿಬ್ಬಣ ಬಂತಂತ ಎರಡ ಮೈಲಿಗೆ ಗೊತ್ತಾಗತೈತಿ."

ನಮ್ಮ ಆಟದಲ್ಲಿ ತೋಳವೂ ಇದೆ. ಮೊದಲು ತೋಳ ಬಂದರೂ ಆಟಗಾರ ಬಂದರೂ ಚಿಗರಿಗೆ ಒಂದೇ ಓಟ. ಅಜ್ಜ ಒಪ್ಪಲಿಲ್ಲ. "ತೋಳ ಕಂಡ್ರ ಚಿಗರಿ ಮೊದಲ ನಿಂತು ನೋಡತೈತಿ. ಹಸದೈತೋ, ಸುಮ್ಮನ ಹೊಂಟೈತೋ, ನಡಿಗಿಯೊಳಗ ಗೊತ್ತಾಗತೈತಿ. ಮನಷ್ಯಾನ ನಡಿಗಿಯೊಳಗ ಏನೂ ಗೊತ್ತಾಗೂದಿಲ್ಲ. ಅದಕ್ಕ ಓಡತೈತಿ." ಒಂದಕ್ಷರ ಬಿಡದೆ ಬರೆದುಕೊಂಡೆ. ಎರಡು ವರ್ಷ ಎಂ.ಎ. ಓದಿದರೂ ನಾನು ಹೀಗೊಂದು ವಾಕ್ಯ ಬರೆದಿಲ್ಲ!

ನಂತರ ಅಜ್ಜ ಎತ್ತಿನ ಗುಟ್ಟು ಹೇಳಿದರು. ಬೇಟೆ ನಿಲ್ಲಿಸಿದ ಇವತ್ತಿನ ಕಾಯ್ದೆ ಬರುವ ಮೊದಲಿನ ಮಾತು. ಎರೆಭೂಮಿಯ ಬಯಲಿನಲ್ಲಿ ಚಿಗರಿಯ ಹಿಂಡು ಎತ್ತುಗಳ ಜೊತೆ ಸೇರಿ ಮೇಯುತ್ತಿತ್ತು. ಎತ್ತನ್ನು ಕಂಡರೆ ಅವಕ್ಕೆ ಭಯವಿಲ್ಲ. ಎತ್ತಿನ ಮಗ್ಗುಲಲ್ಲಿ ಬಾಗಿ, ಅದರ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದರೆ ಮನುಷ್ಯನೂ ಅವಕ್ಕೆ ಕಾಣುವುದಿಲ್ಲ. ಬಂದೂಕಿನವರು ಹಾಗೆ ಹತ್ತಿರ ಹೋಗುತ್ತಿದ್ದರು. ಅಷ್ಟು ಹೇಳಿ ಅಜ್ಜ ಸುಮ್ಮನಾದರು. ಆಮೇಲೇನಾಯಿತು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಯಾರಾದರೂ ಸುಮ್ಮನಾದರೆ ನಾನೂ ಸುಮ್ಮನಾಗುವವಳು. ನೋಟುಪುಸ್ತಕದಲ್ಲಿ 'ಚಿಗರಿ ಎತ್ತಿಗೆ ಎಂದೂ ಹೆದರುವುದಿಲ್ಲ' ಎಂದು ಬರೆದು ಕೆಳಗೆ ಗೆರೆ ಎಳೆದೆ. ತಪ್ಪು ಆ ಗೆರೆಯಲ್ಲಿತ್ತು.

ಸುಶೀಂದ್ರ ಅದನ್ನೇ ಪ್ರೋಗ್ರಾಂ ಮಾಡಿದ. ಪರೀಕ್ಷೆಗೆಂದು ಮೂವತ್ತು ಜನರಿಗೆ ಆಟ ಕೊಟ್ಟೆವು. ಎರಡೇ ದಿನ! ಹೊಟ್ಟು ತೂರುವವರಿಲ್ಲ, ಗಾಳಿ ನೋಡುವವರಿಲ್ಲ, ಎಲ್ಲರೂ ಎತ್ತಿನ ಹಿಂದೆ. ಹಿರೇಕೆರೂರಿನ ಶಾಕೀರಾ, ಅಲ್ಲಿ ಕುಳಿತು ತಲೆ ತಗ್ಗಿಸಿದ್ದಾಳೆ, ಒಂದು ಮಧ್ಯಾಹ್ನದಲ್ಲಿ ಬಯಲನ್ನೇ ಬರಿದು ಮಾಡಿ, "ತಹಮೀನಾ, ನಿಮ್ಮ ಎತ್ತು ಭಾರಿ ಐತವಾ!" ಎಂದು ಫೋನ್ ಮಾಡಿದಳು. ನಾನೂ ಹಿಗ್ಗಿದೆ. ಯಾಕೆ ಸುಳ್ಳು ಹೇಳಲಿ?

ಹೋದ ಶುಕ್ರವಾರ ನಮಾಜು ಮುಗಿಸಿ ಅಜ್ಜ ಆಟ ನೋಡಲು ಬಂದರು. ಮುಜಾಫರ ಹುರುಪಿನಿಂದ ಆಡಿ ತೋರಿಸಿದ. ಎತ್ತಿನ ಮರೆಯಿಂದ ಒಂದು ಗುಂಡು, ಒಂದು ಚಿಗರಿ ಬಿತ್ತು. ಹಿಂಡು ಸ್ವಲ್ಪ ದೂರ ಓಡಿ ನಿಂತಿತು. ಮತ್ತೆ ಎತ್ತು ಹೋಯಿತು, ಮತ್ತೊಂದು ಬಿತ್ತು. ಐದು ಸಲ. ಆರನೆಯ ಸಲವೂ ತಲೆಯ ಮೇಲಿನ ಕಣ್ಣುಗಳು ಬಿಳಿಯಾಗಿಯೇ ಇದ್ದವು. ಅಜ್ಜ ಪರದೆಗೆ ಬೆರಳು ಹಚ್ಚಿ ಕೇಳಿದರು:

"ಇವಕ್ಕ ನೆನಪಿಲ್ಲೇನ?"

ಸುಶೀಂದ್ರ, "ಆಟ ಅದರಿ ಅಜ್ಜಾರ, ನೆನಪ್ಯಾಕ ಬೇಕು?" ಎಂದ.

ಆಗ ಅಜ್ಜ ಅವತ್ತು ನುಂಗಿಕೊಂಡಿದ್ದನ್ನು ಹೇಳಿದರು. ಬಂದೂಕಿನವರ ಮುಂದೆ ಎತ್ತು ಹೊಡೆದುಕೊಂಡು ಹೋಗುತ್ತಿದ್ದವರು ಅವರೇ. ಇಪ್ಪತ್ತು ವರ್ಷದ ಪೀರಸಾಬ. ಎತ್ತು ಅವರದೇ, ಹೆಸರು ಮಾಣಿಕ. ಮೂರು ಸಲ ಹೋದರಂತೆ. ನಾಲ್ಕನೆಯ ಸಲ ಬಂದೂಕಿನವರು ಇರಲಿಲ್ಲ. ಮಾಣಿಕನನ್ನು ಸುಮ್ಮನೆ ಮೇಯಲು ಬಿಟ್ಟಿದ್ದರು. ಅದು ದಿನದಂತೆ ಹಿಂಡಿನ ಕಡೆ ನಡೆಯಿತು. ಅಷ್ಟು ದೂರದಿಂದಲೇ ಚಿಗರಿಗಳು ತಲೆ ಎತ್ತಿದವು, ಜಿಗಿದವು, ಮಾಯವಾದವು. ಬಯಲಿನ ನಡುವೆ ಎತ್ತು ಒಂದೇ ನಿಂತು ಒದರಿತಂತೆ.

"ನನ್ನ ನೋಡಿ ಓಡಿದ್ರ ಅದು ನ್ಯಾಯ," ಎಂದರು ಅಜ್ಜ. "ಆ ಮೂಕ ಪ್ರಾಣಿ ಏನ್ ಮಾಡಿತ್ತು? ಅದರ ಗೆಳೆತನಾನ ಕೆಡಿಸಿದ್ನಲ್ಲ ನಾ." ಮಾಣಿಕ ಮುಂದೆ ಮೂರು ವರ್ಷ ಬದುಕಿತು. ಮೂರು ವರ್ಷವೂ ಒಂಟಿಯಾಗಿಯೇ ಮೇಯಿತು.

ಇದನ್ನು ಹೇಳಲು ಅಜ್ಜನ ಒಪ್ಪಿಗೆ ಕೇಳಿದ್ದೇನೆ. "ಹೇಳವಾ, ನನಗ ಹೇಳಾಕ ಅರವತ್ತ ವರ್ಷ ಆತು," ಎಂದರು.

ಸಭಿಕರೇ, ಹೊಸ ರೂಪದಲ್ಲಿರುವುದು ಇಷ್ಟೇ: ನೆನಪು. ಅಲ್ಲಿ ಎತ್ತಿನ ಮರೆಯಿಂದ ನೀವು ಗುಂಡು ಹಾರಿಸಬಹುದು, ಯಾರೂ ತಡೆಯುವುದಿಲ್ಲ. ಆದರೆ ಹಿಂಡು ಅದನ್ನು ನೆನಪಿಡುತ್ತದೆ. ಆಮೇಲೆ ನಿಮ್ಮ ಎತ್ತು ಕಂಡರೂ ಕಣ್ಣು ಕೆಂಪು. "ಜನಾ ಬೈತಾರ, ಎತ್ತು ಕೆಟ್ಟದ ಅಂತ ಆಟಾನ ವಾಪಸ್ ಕೊಡ್ತಾರ," ಎನ್ನುತ್ತಾನೆ ಸುಶೀಂದ್ರ. ಬೈಯಲಿ! ಬೈದವರು ಒಮ್ಮೆಯಾದರೂ ಯೋಚಿಸುತ್ತಾರಲ್ಲವೇ, ಕೆಟ್ಟದ್ದು ಎತ್ತೋ, ತಾವೋ ಎಂದು?

ಒಂದು ತೊಡಕಿತ್ತು. ಬಂದೂಕು ಮನೆಯಲ್ಲಿಟ್ಟು, ಬರಿಗೈಯಲ್ಲಿ ಎತ್ತಿನ ಜೊತೆ ದಿನವೂ ಹೋದರೆ ಹಿಂಡು ಎಷ್ಟು ದಿನಕ್ಕೆ ಮತ್ತೆ ನಂಬುತ್ತದೆ? ಕಂಪ್ಯೂಟರಿಗೆ ಸಂಖ್ಯೆ ಬೇಕು. ಅಜ್ಜನನ್ನು ಕೇಳಿದೆ. ಈ ಸಲ ಧೈರ್ಯ ಮಾಡಿ ಕೇಳಿದೆ. "ನನಗ ಗೊತ್ತಿಲ್ಲವಾ. ಮೂರ ವರ್ಷದಾಗ ಬರಲಿಲ್ಲ," ಎಂದರು. ಒಂದು ಸಂಖ್ಯೆಯನ್ನು ನಾನೇ ಬರೆದೆ. ಅಜ್ಜನಿಗೆ ಹೇಳಲಿಲ್ಲ.

ಅಂದಿನಿಂದ ಅಜ್ಜ ದಿನವೂ ಬರುತ್ತಾರೆ. ಅವರಿಗೆ ಗೊತ್ತಿರುವುದು ಒಂದೇ ಗುಂಡಿ, ನಡೆಯುವ ಗುಂಡಿ. ಎತ್ತು ಹೊಡೆದುಕೊಂಡು, ಗುಂಡಿನ ನೆನಪಿರುವ ಹಿಂಡಿನ ಬಯಲಿಗೆ ಹೋಗುತ್ತಾರೆ, ಅದು ಓಡಿದರೂ ಸುಮ್ಮನೆ ನಿಲ್ಲುತ್ತಾರೆ, ಮರಳುತ್ತಾರೆ. ಆಟದೊಳಗೆ ಎಷ್ಟೋ ದಿನಗಳು ಉರುಳಿದವು. ನಿನ್ನೆ ಸಂಜೆ ಒಂದು ಹೆಣ್ಣು ಚಿಗರಿ ತಲೆ ಎತ್ತಿತು. ಕಣ್ಣು ಹಳದಿಯಾಯಿತು. ಅಜ್ಜ ಪಿಸುಗುಟ್ಟಿದರು: "ಸುಮ್ಮಕಿರ್ರಿ! ಉಸರು ಹಿಡೀರಿ!" ನಂಬುತ್ತೀರಾ? ನಾವು ಮೂವರೂ ಉಸಿರು ಹಿಡಿದೆವು! ಸುಶೀಂದ್ರನೂ ಹಿಡಿದ! ತಾನೇ ಬರೆದ ಪ್ರೋಗ್ರಾಂಗೆ ತನ್ನ ವಾಸನೆ ಬಡಿದೀತೆಂದು ಫ್ಯಾನ್ ಕೂಡ ಆರಿಸಿದ!

ಚಿಗರಿ ನೋಡಿತು. ಎತ್ತನ್ನು ನೋಡಿತು, ಪಕ್ಕದಲ್ಲಿದ್ದ ಮನುಷ್ಯನನ್ನು ನೋಡಿತು. ಕಣ್ಣು ಬಿಳಿಯಾಯಿತು. ತಲೆ ತಗ್ಗಿಸಿ ಮೇಯತೊಡಗಿತು.

ಆ ಸಂಖ್ಯೆ ಎಷ್ಟೆಂದು ನಿಮಗೂ ಹೇಳುವುದಿಲ್ಲ. ಎತ್ತಿನ ಜೊತೆ ನೀವೇ ಹೋಗಿ ಕಂಡುಕೊಳ್ಳಿ.

ಸುಶೀಂದ್ರ, ನಾನು ಕೊನೆಯವರೆಗೆ ಹೇಳಿದೆ. ಓಡಲಿಲ್ಲ. ಮುನ್ನೂರು ಕಣ್ಣುಗಳಲ್ಲಿ ಎಷ್ಟೋ ಈಗ ಬಿಳಿಯಾಗಿವೆ, ನನಗೆ ಕಾಣುತ್ತಿದೆ. ಎದ್ದು ಬಾ, ಹೊಸದನ್ನು ತೆರೆದಿಡು. ಭಾಗೀರಥಿಬಾಯಿಯವರೇ, ಗುಂಡಿ ಒತ್ತುವ ಮೊದಲು ಒಂದೇ ಬಿನ್ನಹ. ಐದನೇ ಸಾಲಿನಿಂದ ನಮ್ಮ ಅಜ್ಜನನ್ನೂ ಕರೆಯಿರಿ, ಇಬ್ಬರೂ ಸೇರಿ ಒತ್ತಿರಿ. ಉಳಿದವರು ದಯವಿಟ್ಟು ಒಮ್ಮೆಲೇ ಚಪ್ಪಾಳೆ ಹೊಡೆಯಬೇಡಿ. ಅವರು ಮೆಲ್ಲಗೆ ಬರುತ್ತಾರೆ, ಬರಲು ಬಿಡಿ.

ಇಷ್ಟು ಹೊತ್ತು ಅಲುಗಾಡದೆ ಕೇಳಿದ ನಿಮಗೆಲ್ಲ ನನ್ನ ಋಣ ದೊಡ್ಡದು. ಎಲ್ಲರಿಗೂ ನಮಸ್ಕಾರ.