ಎರಡು ಜಿಬಿ ದಾಟಿದ ಕಣ್ಣಿನ ದಾಖಲೆಗಳು

ನನ್ನ ಹೆಸರು ಅನಂತೇಶ ಉಪಾಧ್ಯ, ಪ್ರಾಯ 54 ವರ್ಷ, ಪಾಲಿಟೆಕ್ನಿಕ್ ಉಪನ್ಯಾಸಕ, ವಾಸ ಕಾಪು ಪೇಟೆ. ಈ ಮೂಲಕ ತಿಳಿಸುವುದೇನೆಂದರೆ, ರೋಗಿಗಳ ಕಣ್ಣಿನ ಫೋಟೊ ಮತ್ತು ವಿವರ ಇಡುವ ಒಂದು ಮುಕ್ತ ತಂತ್ರಾಂಶವನ್ನು ಹನ್ನೊಂದು ವರ್ಷಗಳಿಂದ ಉಚಿತವಾಗಿ ಕೊಡುತ್ತಿದ್ದೇನೆ. ಅದನ್ನು ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಸೇರಿಸುವುದು, ಬಿಡುವುದು ನನ್ನ ಕೈಯಲ್ಲಿದೆ. ಕಾರ್ಕಳದ ಒಂದು ಕಣ್ಣಿನ ಕ್ಲಿನಿಕ್ ಅದನ್ನು ಬಳಸುತ್ತದೆ. ಅಲ್ಲಿ ವಿವರ ನಮೂದಿಸುವವರು ನಂದಿಕೂರಿನ ಸುಗಂಧಿ, 29 ವರ್ಷ.

ಕಳೆದ ಮಾರ್ಚ್ 4ರಂದು ಮಣಿಪಾಲದ ಪ್ರತೀಕ್ ಎಂಬವರು, ದೊಡ್ಡ ಡೇಟಾಬೇಸ್ ಫೈಲ್‌ಗಳೂ ಹಿಡಿಸುವಂತೆ ತಂತ್ರಾಂಶವನ್ನು ತಿದ್ದಿ ಕಳಿಸಿದ್ದರು. ಗುರುತು ಪರಿಚಯವಿಲ್ಲದವ ಪುಕ್ಕಟೆ ದುಡಿದು ಕೊಟ್ಟರೆ ಒಳಗೆ ಏನೋ ಉಂಟು ಎಂದು ಸಂಶಯಪಟ್ಟು, ಓದದೆಯೇ ತಿರಸ್ಕರಿಸಿದೆ. ನಾನೂ ಪುಕ್ಕಟೆ ಕೊಡುವವನೇ ಎಂಬುದು ಆಗ ತಲೆಗೆ ಹೋಗಲಿಲ್ಲ.

ನವೆಂಬರ್ 11ರಂದು ಬೆಳಿಗ್ಗೆ 9.40ಕ್ಕೆ ಕ್ಲಿನಿಕ್‌ನ ವೈದ್ಯೆ ಪ್ರಿಯಂವದಾ ಫೋನ್ ಮಾಡಿ, ಹೆಜಮಾಡಿ ಕಣ್ಣಿನ ತಪಾಸಣಾ ಶಿಬಿರದ 41 ಮಂದಿಯ ದಾಖಲೆ ಕಾಣೆಯಾಗಿದೆ ಎಂದರು. ಹಿಂದಿನ ಸಂಜೆ 5.15ರವರೆಗೆ ಅವನ್ನು ನಮೂದಿಸಿದವರು ಸುಗಂಧಿ ಒಬ್ಬರೇ. ನಾನು 11.30ಕ್ಕೆ ಅಲ್ಲಿಗೆ ಹೋದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಸುಗಂಧಿ ಮೇಜಿನ ಮೇಲಿದ್ದ ಪೆನ್‌ಡ್ರೈವ್ ಅನ್ನು ಪಕ್ಕಕ್ಕೆ ಸರಿಸಿದರು. ಫೈಲ್ ತುಂಬಾ ದೊಡ್ಡದಾಗಿದೆ, ಹೆದರಿಕೆಯಾಗಿ ಪ್ರತಿ ತೆಗೆಯಲು ತಂದದ್ದು ಎಂದರು. ನಾನು ನಂಬಲಿಲ್ಲ. ಬೇರೆ ಕೆಲಸಕ್ಕೆ ಅರ್ಜಿ ಹಾಕಿದ್ದಾರೆಂದೂ ತಿಳಿಯಿತು. ಮಧ್ಯಾಹ್ನ 1.10ಕ್ಕೆ ಇದೇ ಕಾರ್ಕಳ ಪೊಲೀಸ್ ಠಾಣೆಯಲ್ಲಿ, ದಾಖಲೆ ಅಳಿಸಿದವರು ಅವರೇ ಎಂದು ದೂರು ಕೊಟ್ಟೆ.

ಈ ದಿನ ಬೆಳಿಗ್ಗೆ 7.20ಕ್ಕೆ ಪೊಲೀಸ್ ಜೀಪ್ ನಂದಿಕೂರಿಗೆ ಹೋಗಿ ಅವರನ್ನು ಕರೆತಂದಿತು. 10.05ಕ್ಕೆ ಹೆಡ್ ಕಾನ್‌ಸ್ಟೇಬಲ್ ಸುಂದರಿ ಮೇಡಂ, ಹೇಗೆ ಅಳಿಸಿದರೆಂದು ತೋರಿಸಲು ನನಗೆ ಹೇಳಿದರು. ಲ್ಯಾಪ್‌ಟಾಪ್‌ನಲ್ಲಿ ಕ್ಲಿನಿಕ್‌ನ ಫೈಲ್ ತೆರೆದೆ. ಗಾತ್ರ ಎರಡು ಜಿಬಿಗೆ ನಿಂತಿತ್ತು. ಮೇಡಂ ತಮ್ಮ ಹೆಸರನ್ನೇ ಹಾಕಿ ನೋಡಲು ಹೇಳಿದರು. ಹಾಕಿದೆ. ಉಳಿಸಲಾಗಿದೆ ಎಂದು ತೋರಿಸಿತು. ಮುಚ್ಚಿ ತೆರೆದಾಗ ಹೆಸರಿರಲಿಲ್ಲ. ಮೂರು ಸಲ ಹಾಕಿದೆ, ಮೂರು ಸಲವೂ ಹೋಯಿತು. ಯಾರೂ ಏನನ್ನೂ ಅಳಿಸಿಲ್ಲ. ಎರಡು ಜಿಬಿ ತುಂಬಿದ ಮೇಲೆ ನನ್ನ ತಂತ್ರಾಂಶ ಹೊಸದೇನನ್ನೂ ಫೈಲಿಗೆ ಬರೆಯುವುದೇ ಇಲ್ಲ. ಪ್ರತೀಕ್ ತಿದ್ದಿ ಕಳಿಸಿದ್ದು ಇದನ್ನೇ.

ಆರು ಅಡಿ ದೂರದ ಬೆಂಚಿನಲ್ಲಿ ಕುಳಿತಿದ್ದ ಸುಗಂಧಿ ಎಲ್ಲವನ್ನೂ ನೋಡಿದರು. ನನಗೆ ನಾಚಿಕೆಯಾಯಿತು, ತಪ್ಪಾಯಿತು ಎಂದೆ.

"ಇಲ್ಲಿ ಗೊತ್ತಾಯ್ತು ಸರ್. ನಮ್ಮ ಊರಿನಲ್ಲಿ ಯಾರು ಹೇಳುವುದು?" ಎಂದರು.

ಕಾರಿನಲ್ಲಿ ಮನೆಗೆ ಬಿಡುತ್ತೇನೆಂದೆ. ಬೇಡವೆಂದು 11.25ರ ಬಸ್ಸಿಗೆ ಹೋದರು.

ನನ್ನ ದೂರನ್ನು ಮುಂದುವರಿಸಬಾರದಾಗಿಯೂ, ಈ ಹೇಳಿಕೆಯ ಪ್ರತಿಯನ್ನು ಸುಗಂಧಿಯವರಿಗೆ ಕೊಡಬೇಕಾಗಿಯೂ ಕೋರುತ್ತೇನೆ. ನಾನು ಹೇಳಿದಂತೆಯೇ ಬರೆದುಕೊಂಡಿದ್ದಾರೆ, ಓದಿ ನೋಡಿದ್ದೇನೆ, ಎಲ್ಲವೂ ಸತ್ಯ. ನಿನ್ನೆಯ ದೂರಿನ ಕೆಳಗೂ ಸತ್ಯವೆಂದೇ ಸಹಿ ಹಾಕಿದ್ದೆ.

ಸ್ಥಳ: ಕಾರ್ಕಳ
ದಿನಾಂಕ: 12-11-2025
ಸಹಿ: ಅನಂತೇಶ ಉಪಾಧ್ಯ