ಲಿಮಿಟೆಡ್ ಕಂಪನಿಯ ಕುಂಬಳಕಾಯಿ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ನಾನು ಶುರು ಮಾಡಿದರೆ ಸಾಕು, ನೀವೆಲ್ಲ ಆರಾಮಾಗಿ ಗೋಡೆಗೆ ಒರಗಿಬಿಡುತ್ತೀರಿ. ಶ್ರೀಮಂತ ಅಂದರೆ ನಾವಲ್ಲ, ಬೇರೆ ಯಾರೋ ಎಂಬ ಧೈರ್ಯ! ಅದಕ್ಕೇ ಇವತ್ತು ಹಾಗೆ ಶುರು ಮಾಡುವುದಿಲ್ಲ. ಒಂದೂರಲ್ಲಿ ಒಬ್ಬ ಅಂಗಡಿಕಾರ ಇದ್ದ. ಪೈಪು, ನಲ್ಲಿ, ಬಣ್ಣ ಮಾರುವ ಅಂಗಡಿ. ನಿಮ್ಮ ಹಾಗೇ ಕಷ್ಟಪಟ್ಟು ಮೇಲೆ ಬಂದವನು, ನಿಮ್ಮ ಹಾಗೇ ಅಮಾವಾಸ್ಯೆಗೆ ತಪ್ಪದೆ ಮಠಕ್ಕೆ ಬರುವವನು. ಈಗ ಸ್ವಲ್ಪ ನೆಟ್ಟಗೆ ಕುಳಿತುಕೊಳ್ಳಿ.

ವ್ಯಾಪಾರ ಬೆಳೆಯಿತು. ಅಂಗಡಿ ಹೋಗಿ ಕಂಪನಿ ಆಯಿತು. ತಾನೊಬ್ಬ ಡೈರೆಕ್ಟರ್, ಹೆಂಡತಿ ಇನ್ನೊಬ್ಬ ಡೈರೆಕ್ಟರ್. ಹೆಸರಿನ ಕೊನೆಗೆ 'ಪ್ರೈವೇಟ್ ಲಿಮಿಟೆಡ್' ಎಂದು ಸೇರಿತು. ಹಾಗೆಂದರೇನು ಎಂದು ಆಡಿಟರ್ ಬಿಡಿಸಿ ಹೇಳಿದ್ದ. ಕಂಪನಿ ಬೇರೆ, ನೀವು ಬೇರೆ. ನಾಳೆ ಕಂಪನಿ ಮುಳುಗಿದರೂ ಅದರ ಹೊರೆ ಸಾಮಾನ್ಯವಾಗಿ ನಿಮ್ಮ ಮನೆಯ ಬಾಗಿಲಿಗೆ ಬರುವುದಿಲ್ಲ ಎಂದು. ಇವನಿಗೆ ಅದೆಷ್ಟು ಹಿಗ್ಗು ಅಂದರೆ, ಆ ಎರಡು ಪದಗಳನ್ನು ಬೋರ್ಡಿನಲ್ಲಿ ಹೆತ್ತ ಅಪ್ಪನ ಹೆಸರಿಗಿಂತ ದೊಡ್ಡದಾಗಿ ಬರೆಸಿದ. ಬೆಳಿಗ್ಗೆ ಬೀಗ ತೆಗೆಯುವ ಮೊದಲು ಬೋರ್ಡಿಗೆ ಊದಿನಕಡ್ಡಿ ಬೆಳಗುತ್ತಿದ್ದ. ನಗಬೇಡಿ. ನಿಮ್ಮಲ್ಲಿ ಯಾರು ಯಾರು ಬೆಳಗುತ್ತೀರಿ ಎಂದು ನನಗೆ ಗೊತ್ತಿದೆ.

ವಿಮೆ ಗೊತ್ತಿಲ್ಲದ ಮನುಷ್ಯ ಅಂದುಕೊಂಡಿರೇನು? ಬೆಂಕಿ ಬಿದ್ದರೆ ವಿಮೆ ಇತ್ತು. ಕಳ್ಳ ಬಂದರೆ ವಿಮೆ ಇತ್ತು. ತನ್ನ ಎದೆಗೆ ನೋವು ಬಂದರೂ ವಿಮೆ ಇತ್ತು. ಒಂದು ದಿನ ಏಜೆಂಟ್ ಬಂದು, ನಿಮ್ಮ ಅಂಗಡಿಯಿಂದ ಬೇರೆಯವರಿಗೆ ಪೆಟ್ಟಾದರೆ, ನಷ್ಟವಾದರೆ, ಅದಕ್ಕೊಂದು ಪಬ್ಲಿಕ್ ಲಯಬಿಲಿಟಿ ಪಾಲಿಸಿ ಇದೆ ಎಂದ. ಹೊಣೆಗಾರಿಕೆಯ ವಿಮೆ. ನಮ್ಮ ಅಂಗಡಿ ಸಾಹುಕಾರ ಚಹಾ ತರಿಸಿದ, ಕಾಲು ಚಾಚಿದ.

"ಏ ತಮ್ಮಾ, ಬೋರ್ಡ್ ನೋಡಿಯಿಲ್ಲೋ? ನಂದು ಲಿಮಿಟೆಡ್ ಐತಿ. ನನಗೇನೂ ಆಗೂದುಲ್ಲ."

"ನಿಮಗ ಆಗೂದು ಬ್ಯಾರೆ ಮಾತ್ರಿ ಸಾವ್ಕಾರ್ರ. ನಿಮ್ಮಿಂದ ಮಂದಿಗೆ ಏನರ ಆದ್ರ?"

"ನಮ್ಮಿಂದ ಮಂದಿಗೆ ಏನಾಗತೈತೋ? ನಾವೇನು ಪಟಾಕಿ ಮಾರ್ತೀವೇನು? ಚಾ ಕುಡಿ, ಆರಿ ಹೋಗ್ತೈತಿ."

ಅಲ್ಲಾರೀ, ರಸ್ತೆಗಿಳಿಯುವ ಸ್ಕೂಟರಿಗೆ ಥರ್ಡ್ ಪಾರ್ಟಿ ವಿಮೆ ಮಾಡಿಸುತ್ತೀರಿ. ಯಾಕೆ? ಪೊಲೀಸ್ ಹಿಡಿಯುತ್ತಾನೆ ಎಂದು. ದಿನವಿಡೀ ಜನ ಹತ್ತಿ ಇಳಿಯುವ ಅಂಗಡಿಗೆ ಯಾಕಿಲ್ಲ? ಯಾರೂ ಹಿಡಿಯುವುದಿಲ್ಲ ಎಂದು! ಪೊಲೀಸ್ ನಿಂತಲ್ಲಿ ಮಾತ್ರ ಧರ್ಮ ಇರುತ್ತದೆಯೇ? ನನಗೆ ಈ ಮಾತು ಹೇಳಿ ಹೇಳಿ ಸಾಕಾಗಿದೆ.

ಇರಲಿ, ಕಥೆಗೆ ಬನ್ನಿ. ಆ ಊರಲ್ಲಿ ರೊಟ್ಟಿ ಬಡಿದು ಬದುಕುವ ಒಬ್ಬ ತಾಯಿ ಇದ್ದಳು. ಗಂಡನಿಲ್ಲ. ಜೋಳದ ರೊಟ್ಟಿ ಬಡಿದು, ಬುಟ್ಟಿಯಲ್ಲಿಟ್ಟು ಅಂಗಡಿ ಅಂಗಡಿಗೆ ಹೊತ್ತು ತರುತ್ತಿದ್ದಳು. ಈ ಸಾಹುಕಾರನ ಮಧ್ಯಾಹ್ನದ ಊಟವೂ ಆಕೆಯ ಕೈಯದ್ದೇ. ಅವಳ ರೊಟ್ಟಿ ಹಾಳೆಯಷ್ಟು ತೆಳು ಎಂದು ಬಂದ ಗಿರಾಕಿಗಳಿಗೆಲ್ಲ ತೋರಿಸಿ ಹೊಗಳುತ್ತಿದ್ದ.

ಅಮಾವಾಸ್ಯೆ ಬಂತು. ಸಾಹುಕಾರನ ಪೂಜೆ ಸಣ್ಣದೇ? ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ. ಗಲ್ಲಾಪೆಟ್ಟಿಗೆಗೆ ಕುಂಕುಮ. ಕೊನೆಗೆ ದೊಡ್ಡದೊಂದು ಬೂದುಗುಂಬಳಕಾಯಿಗೆ ಕರ್ಪೂರ ಹಚ್ಚಿ, ಅಂಗಡಿಗೆ ಮೂರು ಸುತ್ತು ಇಳಿ ತೆಗೆದು, ನಡುಬೀದಿಗೆ ಎತ್ತಿ ಒಗೆದ. ಯಾರ ಕಣ್ಣೂ ತಾಗಬಾರದು, ಕಂಪನಿಗೆ ಕೆಟ್ಟದ್ದು ಆಗಬಾರದು! ಕಾಯಿ ಚೂರುಚೂರಾಯಿತು. ತಿರುಳು, ಬೀಜ, ಕುಂಕುಮದ ನೀರು ಮೆಟ್ಟಿಲ ಮುಂದೆಲ್ಲ ಹರಡಿತು. ಅದನ್ನು ಎತ್ತಿದನೇ? ಎತ್ತಲಿಲ್ಲ. ದೃಷ್ಟಿ ತೆಗೆದ ಕಾಯಿ ಮುಟ್ಟಿದರೆ ಕೆಟ್ಟದ್ದು ತನಗೇ ವಾಪಸು ಬರುತ್ತದಂತೆ. ಒಳಗೆ ಹೋಗಿ ಫ್ಯಾನಿನ ಕೆಳಗೆ ಕುಳಿತು ಊಟಕ್ಕೆ ಕಾದ.

ಊಟ ಬಂತು. ತಲೆಯ ಮೇಲೆ ಬುಟ್ಟಿ ಇದ್ದವಳಿಗೆ ಕಾಲ ಬುಡ ಕಾಣುತ್ತದೆಯೇ? ಆ ತಿರುಳಿನ ಮೇಲೆ ಕಾಲಿಟ್ಟಳು, ಜಾರಿದಳು, ಬಲಗೈ ಊರಿ ಬಿದ್ದಳು. ಮುಂಗೈ ಮುರಿಯಿತು. ರೊಟ್ಟಿ ಬೀದಿಪಾಲಾಯಿತು. ಸಾಹುಕಾರ ಹೊರಗೆ ಓಡಿ ಬಂದ. ಬಂದವನ ಬಾಯಿಂದ ಹೊರಟ ಮೊದಲ ಮಾತು ಏನು ಗೊತ್ತೇ?

"ಅಯ್ಯಯ್ಯ, ಇಳಿ ತಗದ ಕಾಯಿ ತುಳದೆಲ್ಲಬೇ ಯವ್ವಾ!"

ನೋಡಿ, ಇದನ್ನು ಕೇಳಿ ನನ್ನ ಮೈ ಉರಿಯುತ್ತದೆ. ಕೆಟ್ಟದ್ದು ತನ್ನ ಮೇಲೆ ಬೀಳಬಾರದು ಎಂದು ಬೀದಿಗೆ ಒಗೆದ. ಬೀದಿಯಲ್ಲಿ ಯಾರಿದ್ದಾರೆ? ಕಲ್ಲು ಮಣ್ಣು ಮಾತ್ರವೇ? ಅವನಿಗೆ ಅನ್ನ ತರುವವಳೇ ಇದ್ದಳು.

ಅಕ್ಕಪಕ್ಕದವರು ಆಕೆಯನ್ನು ಆಟೋ ಹತ್ತಿಸಿದರು. ಸಾಹುಕಾರನೂ ಗಾಡಿ ತೆಗೆದ. ಎಲ್ಲಿಗೆ? ಆಸ್ಪತ್ರೆಗಲ್ಲ. ಆಡಿಟರ್ ಹತ್ತಿರ!

"ಆಕಿ ಕೇಸ್ ಹಾಕಿದ್ರ ನನ್ನ ಮನಿ ಹೋಗತೈತೇನ್ರಿ?"

ಆಡಿಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಮನಿತನಕ ಬರೂದು ಕಷ್ಟ ಐತ್ರಿ. ಕಾಯಿ ಒಗದವ್ರು ನೀವ ಅಂತ ನಿಮ್ಮನ್ನೂ ಕೇಳಬಹುದು, ಆದ್ರೂ ಮೊದಲ ಕಂಪನಿನ ಕೇಳ್ತಾರ. ಆದ್ರ ಕಂಪನಿ ಕಡೆ ಏನೈತ್ರಿ ಕೊಡಾಕ? ಮಾಲೆಲ್ಲ ಬ್ಯಾಂಕಿಗೆ ಅಡವು. ಹೊಣೆಗಾರಿಕಿ ವಿಮಾ ಇದ್ದಿದ್ರ ವಿಮಾದವ್ರಾದ್ರೂ ಕೊಡ್ತಿದ್ರು. ಅದನ್ನೂ ನೀವು ಮಾಡ್ಸಿಲ್ಲ."

ಇಷ್ಟು ಮಾತಿನಲ್ಲಿ ಸಾಹುಕಾರನ ಕಿವಿಗೆ ಬಿದ್ದದ್ದು ಮೊದಲನೆಯ ಮಾತೊಂದೇ. ಮನೆ ಉಳಿಯಿತು! ಪೇಡೆ ತಂದು ಅಂಗಡಿಯ ಆಳುಗಳಿಗೆ ಹಂಚಿದ. ಪೇಡೆ! ಒಬ್ಬಳ ಕೈ ಮುರಿದಿದೆ, ಈತ ಪೇಡೆ ಹಂಚುತ್ತಾನೆ! ಆಕೆ ಆಸ್ಪತ್ರೆಯಿಂದ ಬಂದ ಮೇಲೆ, ದಾರ ಕಟ್ಟಿದ ಡಬ್ಬಿಯೊಂದನ್ನು ಹಿಡಿದು, ಒಳ್ಳೆಯವನಲ್ಲವೇ, ಆಕೆಯ ಮನೆಗೂ ಹೋದ.

ಒಲೆ ಹೊತ್ತಿರಲಿಲ್ಲ. ರೊಟ್ಟಿಯ ಹಂಚು ಗೋಡೆಗೆ ಒರಗಿತ್ತು. ಕೈಯೊಳಗೆ ರಾಡ್ ಹಾಕಿದ್ದಾರೆ, ಇನ್ನು ಮೊದಲಿನಂತೆ ರೊಟ್ಟಿ ಬಡಿಯಲು ಆಗುವುದು ಅನುಮಾನ ಎಂದು ಡಾಕ್ಟರ್ ಹೇಳಿದ್ದರು. ಸಾಹುಕಾರ ಚಾಪೆಯ ಮೇಲೆ ಕುಳಿತು ಕಾಯ್ದೆ ಹೇಳಿದ. "ಕಂಪನಿ ಬ್ಯಾರೆ, ನಾ ಬ್ಯಾರೆ ನೋಡವ್ವಾ. ನನ್ನ ಮ್ಯಾಲೆ ಏನೂ ಬರೂದುಲ್ಲ. ಕಂಪನಿದಾಗೂ ಏನಿಲ್ಲ. ತಪ್ಪ ತಿಳ್ಕೋಬ್ಯಾಡ."

ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಪೂರ್ತಿ ಕೇಳಿಸಿಕೊಂಡು ಇಷ್ಟೇ ಹೇಳಿದಳು. "ನಿಮ್ಮ ಮನಿಗೆ ಕಾಯ್ದೆ ಐತ್ರಿ. ನಿಮ್ಮ ಮಾಲಿಗೆ ವಿಮಾ ಐತ್ರಿ. ನನ್ನ ಕೈಗೆ ಯಾರದಾರ್ರಿ ಸಾವ್ಕಾರ್ರ?"

ಸಾಹುಕಾರ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ಎದ್ದು ಬಂದ. ಅದರ ದಾರ ಬಿಚ್ಚಲು ಎರಡು ಕೈ ಬೇಕು ಎಂಬುದೂ ಆ ಮನುಷ್ಯನಿಗೆ ಹೊಳೆಯಲಿಲ್ಲ.

ಪಾಪ, ಎಂಥಾ ಕಟುಕ ಎಂದು ಲೊಚಗುಟ್ಟುತ್ತಿದ್ದೀರಿ, ಕೇಳಿಸಿತು. ಆ ಊರು ಯಾವುದು ಎಂದು ಹೇಳಲೇ? ಇವತ್ತು ಒಳಗೆ ಬರುವಾಗ ದಾಸೋಹದ ಬಾಗಿಲಲ್ಲಿ, ಪ್ರಸಾದಕ್ಕೆ ರೊಟ್ಟಿ ಯಾಕಿಲ್ಲ ಎಂದು ಎಷ್ಟು ಜನ ಕೇಳಿದಿರಿ? ಇಷ್ಟು ವರ್ಷ ಅಮಾವಾಸ್ಯೆಗೆ ಈ ಮಠಕ್ಕೆ ರೊಟ್ಟಿ ಬಡಿದು ಕೊಡುತ್ತಿದ್ದವಳ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಫಕ್ಕೀರವ್ವ. ಹೋದ ಅಮಾವಾಸ್ಯೆಗೆ ಬಿದ್ದವಳು ಅವಳೇ. ಸಾಹುಕಾರನ ಹೆಸರು ನಾನು ಹೇಳುವುದಿಲ್ಲ. ಇಲ್ಲೇ ಕುಳಿತಿದ್ದಾನೆ, ಈಗಷ್ಟೇ ಕೆಮ್ಮಿದ. ಅವನನ್ನು ಹುಡುಕಲು ಕತ್ತು ತಿರುಗಿಸಬೇಡಿ. ಇವತ್ತು ಪೇಟೆಯಲ್ಲಿ ನಡೆದು ಬರುವಾಗ ನಿಮ್ಮ ಅಂಗಡಿಗಳ ಮುಂದೆಲ್ಲ ನಾನು ಕಾವಿ ಎತ್ತಿ ಹಿಡಿದು ಕಾಲಿಗೆ ಜಾಗ ಹುಡುಕಬೇಕಾಯಿತು. ಒಂದು ತಿಂಗಳಾಯಿತಷ್ಟೇ, ಮತ್ತೆ ಒಡೆದಿದ್ದೀರಿ! ಮತ್ತೆ ಹಾಗೇ ಬಿಟ್ಟು ಬಂದಿದ್ದೀರಿ! ನಿಮಗೆ ಯಾವ ಭಾಷೆಯಲ್ಲಿ ಹೇಳಬೇಕು?

ನಾನು ಕಾವಿ ಉಟ್ಟವನು, ವಿಮಾ ಏಜೆಂಟ್ ಅಲ್ಲ. ನನಗೆ ಇದರಲ್ಲಿ ಕಮಿಷನ್ ಇಲ್ಲ. ಆದರೂ ಹೇಳುತ್ತೇನೆ. ಲಿಮಿಟೆಡ್ ಕಂಪನಿ ಮಾಡಿಕೊಳ್ಳಿ, ತಪ್ಪಿಲ್ಲ. ಅದು ನಿಮ್ಮ ಮನೆ ಕಾಯುತ್ತದೆ, ಕಾಯಲಿ. ನಿಮ್ಮಿಂದ ಪೆಟ್ಟು ತಿಂದವರನ್ನು ಅದು ಕಾಯುವುದಿಲ್ಲ. ನಾಳೆ ಬಾಗಿಲು ತೆಗೆದ ಕೂಡಲೇ ಆ ಏಜೆಂಟನನ್ನು ಕರೆಯಿರಿ. ಅಂಗಡಿಗೆ ಬಂದವರು ಬಿದ್ದರೆ, ನಿಮ್ಮ ಆಳಿನ ಕೈ ತಪ್ಪಿ ದಾರಿಹೋಕನ ತಲೆಯ ಮೇಲೆ ಪೈಪು ಬಿದ್ದರೆ, ಈ ಪಾಲಿಸಿ ಕೊಡುತ್ತದೆಯೇ, ಯಾವುದಕ್ಕೆ ಕೊಡುವುದಿಲ್ಲ ಎಂದು ಕೂತು ಓದಿಸಿ ಕೇಳಿ. ಹಾಗೆಂದು ವಿಮೆ ಇದೆಯಲ್ಲ ಎಂದು ಮತ್ತೆ ಬೀದಿಗೆ ಕಾಯಿ ಒಗೆದೀರಿ, ಜೋಕೆ!

ಇನ್ನೊಂದು ಮಾತು. ನಾಳೆ ಮಾಡಿಸುವ ವಿಮೆ ಮುಂದೆ ಬೀಳುವವರಿಗೆ. ಹೋದ ತಿಂಗಳು ಬಿದ್ದ ಫಕ್ಕೀರವ್ವನಿಗೆ ಅದರಿಂದ ಕವಡೆಯೂ ಬರುವುದಿಲ್ಲ. ಆಕೆಯ ಔಷಧ, ಆಕೆಯ ಒಲೆ, ಆ ಕೈ ಮತ್ತೆ ರೊಟ್ಟಿ ಬಡಿಯುವವರೆಗೆ ಕೆಮ್ಮಿದವನ ಹೊಣೆ. ಕಾಯ್ದೆ ಕೇಳದಿದ್ದರೆ ನಾನು ಕೇಳುತ್ತೇನೆ. ಪ್ರತಿ ಅಮಾವಾಸ್ಯೆಗೆ ಇಲ್ಲಿಂದಲೇ, ಎಲ್ಲರ ಮುಂದೆ ಕೇಳುತ್ತೇನೆ.

ಈಗ ಏಳಿ. ಬಾಗಿಲ ಬಳಿ ಪೊರಕೆ, ಬುಟ್ಟಿ ಇಡಿಸಿದ್ದೇನೆ. ಮೊದಲು ಹೋಗಿ ನಿಮ್ಮ ನಿಮ್ಮ ಅಂಗಡಿಯ ಮುಂದಿನದನ್ನು ಬಳಿದು ಬನ್ನಿ, ಆಮೇಲೆ ಪ್ರಸಾದ. ಇವತ್ತು ಅನ್ನ, ಸಾರು ಅಷ್ಟೇ. ತುತ್ತು ಎತ್ತುವಾಗ ನಿಮ್ಮ ಬಲಗೈಯನ್ನು ಒಮ್ಮೆ ನೋಡಿಕೊಳ್ಳಿ.