ಸರ್ವರ್ ಕೋಣಿ ಬಾಗಲಾ

…ಅದಕ್ಕ ಗಾಬರಿ ಆಗಬ್ಯಾಡ ಅನ್ನಾಕತ್ತೀನವ್ವಾ ನಿರೀಕ್ಷಾ. ಪವನಗ ಉಸಿರಿನ ತ್ರಾಸ ಆಗೇತಿ, ಅಷ್ಟ. ದವಾಖಾನ್ಯಾಗ ನಮ್ಮವರು ಅದಾರ. ನಿಮ್ಮ ದಿಲ್‌ಸುಖ್‌ನಗರದ ಗದ್ದಲದಾಗ ನಾ ಬರೂದು ತಡ ಆತು. ಕಂಪನಿ ಗಾಡಿ ಕೆಳಗ ನಿಂತೈತಿ. ಚಪ್ಪಲಿ ಮೆಟ್ಟಿಕೋ, ಹೋಗೂಣು.

ಏಳಾಕ ಆಗವಲ್ದೇನು? ಇರಲಿ, ಒಂದು ಗಳಿಗಿ ಕೂಡೂಣು.

ನಿನ್ನ ಗಂಡ ಅಂದ್ರ ನನಗ ತಮ್ಮ ಇದ್ದಂಗ. ಕಂಪನಿ ಬೇಗಂಪೇಟ್ಯಾಗ ಎರಡ ಖೋಲಿ ಇದ್ದಾಗ ಕಲಬುರ್ಗಿಯಿಂದ ಬಂದಾವ. ಮಂದಿ ಮನಿ ಮಾಳಗಿ ಹತ್ತಿ ಇಬ್ಬರೂ ಕೂಡಿ ಇಂಟರ್‌ನೆಟ್ ವಾಯರ್ ಎಳೀತಿದ್ವಿ. ‘ಚನ್ನಬಸಪ್ಪಣ್ಣ, ಒಂದಿನ ಈ ಊರಿನ ಮಾತೆಲ್ಲಾ ನಮ್ಮ ವಾಯರ್‌ನ್ಯಾಗ ಹರೀತಾವ’ ಅಂತಿದ್ದ. ಹಂಗ ಆತು ನೋಡು. ಜೀಡಿಮೆಟ್ಲಾದಾಗ ಮುಚ್ಚಿದ್ದ ಔಷಧ ಫ್ಯಾಕ್ಟರಿ ಹಿಡದು ಡೇಟಾ ಸೆಂಟರ್ ಮಾಡಿದ್ವಿ. ಸಾಲಿಗೆ ಸಾಲು ಸರ್ವರ್… ಸಿಂಗಾಪುರದ ಟೆಲಿಫೋನ್ ಕಂಪನಿ ಕೆಲಸೆಲ್ಲಾ ಈಗ ಅಲ್ಲೇ ನಡೀತೈತಿ. ಅವರು ಬರೂ ವಾರ ನೋಡಾಕ ಬರಾವ್ರು. ಒಂದು ಮಷೀನ್ ನಿಂತ್ರೂ ನಮ್ಮ ಕಥಿ ಮುಗೀತು ಅಂತ ಮಾಲಕರು… ಬರೇ ಅದ ಮಾತು.

ಆದದ್ದು ಹೇಳ್ತೀನಿ ಕೇಳು. ಮಧ್ಯಾಹ್ನ ಸರ್ವರ್ ಕೋಣ್ಯಾಗ ಹೊಗಿ ಕಾಣಿಸ್ತು. ನೀರು ಹೊಡದ್ರ ಮಷೀನ್ ಸಾಯ್ತಾವ, ಅದಕ್ಕ ಅಲ್ಲಿ ಗ್ಯಾಸ್ ಬಿಡೂದು. ಬಾಗಲಾ ಬಿಗದು ಬಿಡಬೇಕು, ಬೆಂಕಿಗೆ ಉಸಿರು ಸಿಗಬಾರದು. ಎಲ್ಲಾರೂ ಹೊರಗ ಬಂದ್ರು. ಪವನಾನೂ ಬಂದಾನ ಅಂತ ತಿಳದ್ವಿ. ಅವ ಒಳಗ ಉಳದದ್ದು ಯಾರಿಗೂ ಗೊತ್ತಾಗ್ಲಿಲ್ಲವ್ವಾ. ನನಗೂ… ನನಗೂ ಗೊತ್ತಾಗ್ಲಿಲ್ಲ.

ಯಾಕ ಹಂಗ ನೋಡ್ತಿ?

ಏನರ ಕೇಳು. ಅಳು, ಬೈ. ಜೀವ ಐತೇನು ಅಂತರ ಕೇಳವ್ವಾ… ಅದನ್ನೂ ಕೇಳವಲ್ಲಿ. ನಾ ಬರೂಕಿಂತ ಮೊದಲ ಯಾರರ ಹೇಳಿದ್ರೇನು? ಮನಿಗೆ ಯಾರೂ ಫೋನ್ ಮಾಡಬ್ಯಾಡ್ರಿ, ನಾನ ಹೋಗಿ ಹೇಳ್ತೀನಿ ಅಂದಿದ್ದೆ…

ಅವನ ನಿನಗ ಫೋನ್ ಮಾಡಿದ್ನೇನು? ಒಳಗಿಂದ?

ಹೌದು… ಒಂದ ಕೈಲೆ ಬಾಗಲಾ ಬಡೀತಿದ್ದ. ಇನ್ನೊಂದು ಕೈ ಕಿವಿ ಮ್ಯಾಲಿತ್ತು. ಗಾಜಿನ್ಯಾಗ ಕಾಣ್ತಿತ್ತು…

ನಿರೀಕ್ಷಾ. ನಾ ಹೊರಗ ನಿಂತು ‘ತೆರೀಬ್ಯಾಡ್ರಿ, ಗ್ಯಾಸ್ ಬಿಡ್ರಿ’ ಅಂದದ್ದು… ಅದೂ ಕೇಳಿಸ್ತೇನು?